ಏಳರಲ್ಲಿ ಒಂದು

ಸತತ ಮೂರು ವಾರ ಒಂದೇ ಚೀಟಿ ಎದ್ದದ್ದು ಈ ರಾದ್ಧಾಂತಕ್ಕೆಲ್ಲ ಕಾರಣ.

ಪರೀಕ್ಷೆಯ ಕಾಲ. ಪ್ರಶ್ನೆಪತ್ರಿಕೆ ಇಟ್ಟ ಕಪಾಟನ್ನು ಭಾನುವಾರ ಒಬ್ಬರು ಶಾಲೆಯಲ್ಲಿ ಕೂತು ಕಾಯಬೇಕು. ಏಳು ಜನ ಶಿಕ್ಷಕರೂ ಚೀಟಿಯಲ್ಲಿ ತಮ್ಮ ತಮ್ಮ ವಿಷಯ ಬರೆದು ಸೀಮೆಸುಣ್ಣದ ಡಬ್ಬಕ್ಕೆ ಹಾಕುವುದು, ಹೆಡ್ ಮೇಡಂ ಕಣ್ಣು ಮುಚ್ಚಿ ಒಂದನ್ನು ಎತ್ತುವುದು ಅಲ್ಲಿನ ಪದ್ಧತಿ. ಮೂರು ಸಲವೂ 'ಗಣಿತ'ವೇ ಎದ್ದಿತ್ತು. ಪಾಪ, ಗಣಿತದ ಮೇಷ್ಟ್ರು ಮೂರು ಭಾನುವಾರ ಕಪಾಟಿನ ಮುಖ ನೋಡುತ್ತ ಕೂತಿದ್ದರು.

ನಾಲ್ಕನೆಯ ಶನಿವಾರ ಬೆಳಿಗ್ಗೆ ಹೆಂಡತಿ ತಿಂಡಿಯ ತಟ್ಟೆಯನ್ನು ಕುಕ್ಕಿದರು. "ನಾಳೆ ಮಗಳ ನಾಟಕ. ಮರದ ಪಾರ್ಟಾದ್ರೂ ಒಂದು ಮಾತಿದೆ ಅವಳಿಗೆ. ನೀವು ಮುಂದಿನ ಸಾಲಲ್ಲಿ ಕೂತಿರ್ಬೇಕು, ಅಷ್ಟೇ."

"ಬರ್ತೀಯಲ್ಲಾ ಅಪ್ಪಾ?" ಅಂದಳು ಮಗಳು.

"ಬಂದೇ ಬರ್ತೀನಿ ಪುಟ್ಟಿ," ಎಂದು ಮಾತು ಕೊಟ್ಟು ಹೊರಟರು.

ಸ್ಟಾಫ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರು ಸಮಾಧಾನ ಹೇಳಿದರು. "ಬಿಡಿ ಸಾರ್, ಮೂರು ಸಲ ಆಯ್ತಲ್ಲ, ಇನ್ನು ನಿಮಗೆಲ್ಲಿ ಬರುತ್ತೆ? ಈ ಸಲ ನಮ್ಮಲ್ಲೇ ಯಾರ ತಲೆಗೋ ಕಟ್ಕೊಳ್ಳುತ್ತೆ."

"ಚೀಟಿಗೇನು ನೆನಪಿರುತ್ತೇನ್ರೀ?" ಮೇಷ್ಟ್ರು ಬೋರ್ಡಿನ ಹತ್ತಿರ ಹೋದರು. "ಪ್ರತಿ ಸಲ ಎತ್ತೋದೂ ಒಂದು ಸ್ವತಂತ್ರ ಘಟನೆ. ಏಳು ಸಾಧ್ಯತೆ, ಏಳೂ ಸಮಾನ. ನನಗೆ ಬರೋ ಸಂಭವನೀಯತೆ ಅವತ್ತೂ ಏಳರಲ್ಲಿ ಒಂದು, ಇವತ್ತೂ ಏಳರಲ್ಲಿ ಒಂದು."

"ಬೋರ್ಡ್ ಮೇಲೆ ಎಲ್ಲಾ ಸರಿ ಸಾರ್," ಎಂದು ವಿಜ್ಞಾನದ ಟೀಚರ್ ನಿಟ್ಟುಸಿರು ಬಿಟ್ಟರು. ಉಳಿದ ಆರೂ ಜನ ಒಂದೊಂದು ಮೂಲೆ ಹಿಡಿದು, ಕೈ ಅಡ್ಡ ಇಟ್ಟುಕೊಂಡು ಚೀಟಿ ಬರೆದರು.

ಲೆಕ್ಕವೇನೋ ಸರಿ. ಆದರೆ ಮಗಳ ಮುಖ ಕಣ್ಣ ಮುಂದೆ ಬಂದಾಗ ಏಳರಲ್ಲಿ ಒಂದು ಎನ್ನುವುದು ಸಣ್ಣದಾಗಿ ಕಾಣಲಿಲ್ಲ. ಮೇಷ್ಟ್ರು ಜನ್ಮದಲ್ಲಿ ಮೊದಲ ಸಲ ಮೋಸ ಮಾಡಿದರು. ಬರಿಗೈಯನ್ನು ಡಬ್ಬದಲ್ಲಿ ಆಡಿಸಿ, ತಾವು ಬರೆದ ಚೀಟಿಯನ್ನು ಅಂಗಿಯ ಜೇಬಿಗೆ ಇಳಿಸಿದರು.

ಈಗ ಅವರಿಗೆ ಎಲ್ಲಿಲ್ಲದ ಉತ್ಸಾಹ. "ಅಸಂಭವ ಘಟನೆ ಅಂತ ಒಂದಿದೆ ನೋಡಿ. ದಾಳ ಹಾಕಿದಾಗ ಏಳು ಬೀಳೋದು. ಸಂಭವನೀಯತೆ ಸೊನ್ನೆ. ತಲೆ ಕೆಳಗಾದ್ರೂ ಆಗಲ್ಲ."

ಹೆಡ್ ಮೇಡಂ ಚೀಟಿ ಎತ್ತಿ ಬಿಡಿಸಿದರು. "ಗಣಿತ."

"ಸಾಧ್ಯವೇ ಇಲ್ಲ!" ಮೇಷ್ಟ್ರು ಎಗರಿ ಬಿದ್ದರು.

"ಯಾಕಿಲ್ಲ? ಏಳರಲ್ಲಿ ಒಂದು ಅಂತ ನೀವೇ ಹೇಳ್ತಿದ್ರಲ್ಲ?" ಅಂದರು ಮೇಡಂ.

ಮೇಷ್ಟ್ರು ಡಬ್ಬ ಕಿತ್ತುಕೊಂಡು ಮೇಜಿನ ಮೇಲೆ ಸುರಿದರು. ಉಳಿದ ಚೀಟಿಗಳಲ್ಲೂ ಗಣಿತ, ಗಣಿತ, ಗಣಿತ. ಒಂದೊಂದೂ ಒಬ್ಬೊಬ್ಬರ ಅಕ್ಷರ.

"ಏನ್ರೀ ಇದು?" ಎಂದು ಮೇಡಂ ಗದರಿದರು.

ಡ್ರಿಲ್ ಮೇಷ್ಟ್ರು ತಲೆ ಕೆರೆದುಕೊಂಡರು. "ಮೂರು ಸಲ ಅವರಿಗೇ ಬಂತಲ್ಲ ಮೇಡಂ. ಈ ಸಲ ಗ್ಯಾರಂಟಿ ನನಗೇ ಅಂತ ಹೆದರಿಕೆ ಆಯ್ತು."

"ನನಗೂ," ಅಂದರು ವಿಜ್ಞಾನದ ಟೀಚರ್. ಉಳಿದವರೂ ನೆಲ ನೋಡುತ್ತ ಗೋಣು ಹಾಕಿದರು.

"ಚೆನ್ನಾಗಿದೆ! ಅಲ್ಲಾ, ಇಲ್ಲಿರೋದು ಆರೇ. ಏಳನೇದೆಲ್ಲಿ?"

ಮೇಷ್ಟ್ರ ಕೈ ತಾನಾಗಿ ಜೇಬಿಗೆ ಹೋಯಿತು. ಆ ಚೀಟಿಯಲ್ಲೂ ಗಣಿತ.

"ಏಳಕ್ಕೆ ಏಳೂ ಗಣಿತ. ಇದಕ್ಕೇನಂತಾರೆ ಮೇಷ್ಟ್ರೇ?"

"ಖಚಿತ ಘಟನೆ ಮೇಡಂ. ಸಂಭವನೀಯತೆ ಒಂದು," ಎಂದರು ಮೇಷ್ಟ್ರು, ಕ್ಷೀಣ ದನಿಯಲ್ಲಿ.

ಮೇಡಂ ಯಾರನ್ನೂ ನಂಬಲಿಲ್ಲ. ತಾವೇ ಏಳು ವಿಷಯ ಬರೆದು, ಒಂದೊಂದನ್ನೂ ಎಲ್ಲರಿಗೂ ತೋರಿಸಿ, ಒಂದೇ ಥರ ಮಡಚಿ, ಡಬ್ಬವನ್ನು ಚೆನ್ನಾಗಿ ಕುಲುಕಿದರು. ಕಣ್ಣು ಮುಚ್ಚಿ ಎತ್ತಿದರು.

"ಗಣಿತ."

"ಸಾರ್, ದೇವರಾಣೆಗೂ ಇದರಲ್ಲಿ ನಮ್ಮ ಕೈವಾಡ ಇಲ್ಲ," ಅಂದರು ಡ್ರಿಲ್ ಮೇಷ್ಟ್ರು.

"ಗೊತ್ತು. ಏಳರಲ್ಲಿ ಒಂದು," ಎಂದು ಮೇಷ್ಟ್ರು ಕಪಾಟಿನ ಬೀಗದ ಕೈ ತೆಗೆದುಕೊಂಡರು.

ಸಂಜೆ ಮಗಳು ರಟ್ಟಿನ ಎಲೆಗಳನ್ನು ಮೈಗೆಲ್ಲ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಕೈಯಲ್ಲಿ ಆ ಬೀಗದ ಕೈ ಕಂಡಿತು. ಅವಳ ಮುಖ ಬಾಡಿತು. ಮೇಷ್ಟ್ರಿಗೆ ಅಳುವೇ ಬಂದಂತಾಯಿತು.

ಕೊನೆಗೆ ಅವಳೇ ಅವರ ಬೆರಳು ಹಿಡಿದುಕೊಂಡಳು. "ಹೋಗ್ಲಿ ಬಿಡಪ್ಪಾ. ಮುಂದಿನ ಭಾನುವಾರಾನೂ ನಾಟಕ ಇದೆ. ನಾಲ್ಕು ಸಲ ನಿನಗೇ ಬಂತಲ್ಲ, ಇನ್ನು ಬರೋದೇ ಇಲ್ಲ. ಅಲ್ವಾ?"

ಮೇಷ್ಟ್ರು ವಿವರಿಸಲು ಬಾಯಿ ತೆರೆದರು. ಮಗಳ ಮುಖ ನೋಡಿ ಮುಚ್ಚಿದರು.

"ಹೌದು ಪುಟ್ಟಿ," ಅಂದರು. "ಇನ್ನೆಲ್ಲಿ ಬರುತ್ತೆ?"