ಸೇತುರಾಮ ರಾಯರ ಮಂದ್ರ ಹೀರುವ ಯಂತ್ರ

"ದಾಸರೇ, ಈ ಮೂಲೇಲಿ ನಿಂತ್ರೆ ಎದೆ ನಡುಗತ್ತೆ. ನನ್ನ ಕುರ್ಚೀಲಿ ಕೂತ್ರೆ ಬರೀ ಸೊಳ್ಳೆ ಸಂಗೀತ. ಒಂದೇ ಕೋಣೇಲಿ ಇದೆಂಥ ಅನ್ಯಾಯ?" ಎಂದರು ಪಕ್ಕದ ಮನೆಯ ಸೇತುರಾಮ ರಾಯರು. ಹಾಡು ಕೇಳಲೆಂದೇ ಒಂದು ಕೋಣೆ ಮೀಸಲಿಟ್ಟು, ಅದರ ದಕ್ಷಿಣದ ಮೂಲೆಯಲ್ಲಿ ಮಂದ್ರದ ಸದ್ದಿಗೆಂದೇ ಇರುವ, ಹಂಡೆಯಷ್ಟು ದೊಡ್ಡ ಸಬ್‌ವೂಫರ್ ಕೂರಿಸಿದ್ದರು. ಈಗ ಅನ್ಯಾಯ ಸರಿಪಡಿಸಲು ಯಂತ್ರವೊಂದನ್ನೂ ಕಟ್ಟಿದ್ದರು. ಅದರ ಬಾಯಿ ಎತ್ತ ಇದೆಯೋ ಅತ್ತಲಿನ ಮಂದ್ರದ ಸದ್ದನ್ನೆಲ್ಲ ಹೀರಿ, ರಾಯರ ಕುರ್ಚಿಗೆ ತಂದು ಸುರಿಯುತ್ತದಂತೆ.

ನಾನು ಹರಿಕಥೆ ಮಾಡುವವನು. ಅಂದು ಸಂಜೆ ರಾಮೋತ್ಸವದಲ್ಲಿ ಸೀತಾಪಹರಣದ ಕಥೆಯಿತ್ತು. ನನ್ನ ರಾವಣನ ಕಂಠಕ್ಕಾಗಿಯೇ ಉತ್ಸವ ಸಮಿತಿಯವರು ಹನ್ನೆರಡು ವರ್ಷದಿಂದ ಕರೆಸುತ್ತಿದ್ದರು.

ರಾಯರು ಪ್ಲಗ್ ಹಾಕಲು ಬಗ್ಗಿದಾಗ ಅವರ ಹೆಂಡತಿ ರುಕ್ಮಿಣಕ್ಕ ಯಂತ್ರಕ್ಕೆ ಕುಂಕುಮವಿಟ್ಟರು. "ಹೊಸ ಸಾಮಾನಿನ ಮುಖ ದಕ್ಷಿಣಕ್ಕಿರಬಾರ್ದು" ಎಂದು ಅದನ್ನು ಪೂರ್ವಕ್ಕೆ ತಿರುಗಿಸಿ, ರಾಯರ ಕುರ್ಚಿಯಲ್ಲಿ ಕೂತರು. ಪೂರ್ವದಲ್ಲಿ ನಾನಿದ್ದೆ. ನನ್ನ ಹಿಂದೆ ಬೀದಿಯ ಕಿಟಕಿ. ರಾಯರು ಸ್ವಿಚ್ ಒತ್ತಿದರು.

"ಏನೂ ಆಗ್ಲಿಲ್ವಲ್ಲ" ಎಂದೆ. ನನ್ನ ಬಾಯಿಂದ ಆರು ವರ್ಷದ ಹುಡುಗಿಯ ದನಿ ಬಂತು.

"ಕಾಫಿ ತರ್ಲಾ?" ಎಂದರು ರುಕ್ಮಿಣಕ್ಕ. ಬೀರುವಿನ ಗಾಜು ಅದುರಿತು. ಮೇಜಿನ ಮೇಲಿನ ಲೋಟಗಳು ಅಂಚಿನವರೆಗೆ ನಡೆದು ಹೋದವು.

ಬೀದಿಯಲ್ಲಿ ಎದುರು ಮನೆಯವರ ಮೋಟಾರ್ ಸೈಕಲ್ ಹೊಲಿಗೆ ಯಂತ್ರದ ಸದ್ದು ಮಾಡಿಕೊಂಡು ಹೋಯಿತು. ಅದನ್ನಟ್ಟಿಸಿಕೊಂಡು ಹೊರಟ ನಾಯಿ ಒಮ್ಮೆ ಬೊಗಳಿ, ತನ್ನ ದನಿಗೆ ತಾನೇ ನಾಚಿ ಚರಂಡಿ ಕಲ್ಲಿನ ಕೆಳಗೆ ನುಸುಳಿತು. ಅಷ್ಟರಲ್ಲಿ ಫ್ಯೂಸ್ ಹೋಯಿತು.

"ನನ್ನ ಕಂಠ ವಾಪಸ್ ಕೊಡಿಸಿ" ಎಂದು ಕೀಚಲು ದನಿಯಲ್ಲೇ ಜಗಳಕ್ಕೆ ನಿಂತೆ. ನನಗೆ ಕೆಟ್ಟ ಕೋಪ ಬಂದಿತ್ತು.

"ಕೊಡ್ಸೋಣ. ಇವಳು ಯಂತ್ರದ ಎದುರು ಕೂರ್ಬೇಕು, ನೀವು ಕುರ್ಚೀಲಿ. ಆದ್ರೆ ಫ್ಯೂಸ್ ನಾಳೆನೇ."

"ಸಂಜೆ ರಾವಣನ ಗತಿ?"

"ನಾನ್ ಬರ್ತೀನಿ ಬಿಡಿ" ಎಂದರು ರುಕ್ಮಿಣಕ್ಕ. ಗೋಡೆಯಾಚೆಯಿಂದ ನನ್ನ ಅಭ್ಯಾಸ ಕೇಳಿ ಕೇಳಿ ಅವರಿಗೆ ಮಾತೆಲ್ಲ ಬಾಯಿಪಾಠವಾಗಿತ್ತು.

ಸಂಜೆ ಹಾರ್ಮೋನಿಯಂ ಪಕ್ಕದಲ್ಲಿ ಕೂತು "ಎಲೈ ಸೀತೆ" ಎಂದರು. ಚಪ್ಪರದ ಕಂಬ ಅಲುಗಿತು. ಮುಂದಿನ ಸಾಲು ಎದ್ದು ಹಿಂದಕ್ಕೆ ಹೋಯಿತು. ಸಮಿತಿಯವರು ಅಲ್ಲೇ ಮುಂದಿನ ವರ್ಷಕ್ಕೂ ಅವರನ್ನು ಗೊತ್ತು ಮಾಡಿದರು.

ಮರುದಿನ ಫ್ಯೂಸ್ ಬಂತು. ರುಕ್ಮಿಣಕ್ಕ ಯಂತ್ರದ ಎದುರು ಕೂರಲಿಲ್ಲ. "ಮೂವತ್ತು ವರ್ಷದಲ್ಲಿ ನನ್ನ ಮಾತು ಇವ್ರಿಗೆ ಒಂದೇ ಸಲಕ್ಕೆ ಕೇಳಿಸ್ತಿರೋದು ಈಗ್ಲೇ. ಕೊಡಲ್ಲ" ಎಂದರು. ರಾಯರು ತೆಪ್ಪಗೆ ಯಂತ್ರ ಬಿಚ್ಚಿ ಅಟ್ಟಕ್ಕೆ ಹಾಕಿದರು.

ಈಗ ನನ್ನದು ಸೀತೆಯ ಮಾತು ಮಾತ್ರ. ಎಂಥ ಕರುಣರಸ ಎಂದು ಜನ ಹೊಗಳುತ್ತಾರೆ. ನಾನು ನಿಜವಾಗಿಯೇ ಅಳುತ್ತಿರುತ್ತೇನೆ.