ಕಡೀ ರೀಲು ಹಾಕಬ್ಯಾಡ್ರಿ!

ನಮ್ಮ ಮೈದುನನಂಥವ ಇನ್ನೊಬ್ಬ ಭಾಲ್ಕಿಯಾಗ ಹುಟ್ಟಿದ್ದರ, ತಂಬು ಸಿನಿಮಾದವರು ತಂಬು ಅಲ್ಲೇ ಬಿಟ್ಟು, ಮಷೀನ್ ಹೊತ್ಕೊಂಡು ಸೊಲ್ಲಾಪುರಕ್ಕ ಓಡಿಹೋಗ್ತಿದ್ರು! ಒಬ್ಬನೇ ಇದ್ದ ಅಂತ ಬಚಾವಾದ್ರು.

ಮೊನ್ನಿ ನನ್ನ ಮರಿಮೊಮ್ಮಗ ಟೀವಿ ಮುಂದ ಕುಂತು ಆಕಾಶದಾಗ ಹಾರೋ ಹೀರೋನ ಸಿನಿಮಾ ನೋಡ್ಲಿಕತ್ತಿದ್ದ. ಕಟ್ಟಡಕ್ಕ ಕಟ್ಟಡ ಮೈಮ್ಯಾಲ ಬಿದ್ದರೂ ಆ ಪುಣ್ಯಾತ್ಮನ ಕೂದಲ ಕೊಂಕಲಿಲ್ಲ! "ಇವ ಸೋಲೋದೇ ಇಲ್ಲೇನೋ?" ಅಂತ ಕೇಳ್ದೆ. "ಹೀರೋ ಸೋತರ ಅದೇನು ಸಿನಿಮಾ, ಆಯಿ?" ಅಂದ. ಅಯ್ಯ ನನ್ನಪ್ಪಾ, ಈ ಮಾತು ನಮ್ಮ ಮೈದುನನ ಮುಂದ ಅಂದಿದ್ದರ ಅವತ್ತು ನಿನಗ ಊಟ ಸಿಗ್ತಿರಲಿಲ್ಲ, ಬರೇ ಭಾಷಣ!

ಅವ ನನ್ನ ಗಂಡನ ತಮ್ಮ. ಹೊಲಿಗಿ ಕೆಲಸ. ಅವ ಹೊಲಿದ ಅಂಗಿಗೆ ಗುಂಡಿ ಒಂದು ದಾರಿ ಹಿಡಿದರ ಕಾಜಾ ಇನ್ನೊಂದು ದಾರಿ. ಯಾರರೆ ಕೇಳಿದರ, "ಅಂಗಿ ಸರೀನೇ ಅದ, ನೀವೇ ಸೊಟ್ಟ ನಿಂತೀರಿ," ಅಂತಿದ್ದ. ಇಂಥವಗ ಸಿನಿಮಾ ಹುಚ್ಚು. ಪೊಲೀಸ್ ಆಕ್ಷನ್ ಆಗಿ ಒಂದೆರಡು ವರ್ಷದ ಮಾತಿದು. ಇನ್ನೂ ಹೈದರಾಬಾದ್ ಸ್ಟೇಟ್ ಇತ್ತು. ಊರಿಗೆ ತಂಬು ಬಂತಂದ್ರ ಮುಖವಾಡ ಹಾಕ್ಕೊಂಡು, ಕುದುರಿ ಮ್ಯಾಲಿಂದ ರೈಲಿನ ಮ್ಯಾಲ ಜಿಗಿಯೋ ಹೀರೋನ ಹಿಂದಿ ಸಿನಿಮಾ ಬಂತಂತನೇ ಅರ್ಥ.

ತಂಬಿನಾಗ ಮಷೀನ್ ಒಂದೇ. ಒಂದು ರೀಲು ಮುಗೀತಂದ್ರ ದೀಪ ಹತ್ತಸ್ತಿದ್ರು. ಮುಂದಿನ ರೀಲು ಹಾಕೋತನಕ ಮಂದಿ ಶೇಂಗಾ ತಿಂತ ಕುಂದರಬೇಕು. ನಮ್ಮ ಮೈದುನ ಶೇಂಗಾ ತಿನ್ನಾವಲ್ಲ, ಎದ್ದು ನಿಂದ್ರಾವ!

"ಏನ್ರೀ ಇದು? ಇಷ್ಟು ಮಂದಿ ಕೂಡಿ ಹೊಡಿಲಾಕ ಬಂದಾರ, ಇವನ ಮುಖವಾಡ ಸುದ್ದಾ ಜಾರವಲ್ದು! ನಿಮ್ಮ ಮನ್ಯಾಗ ಯಾರರೆ ಹಿಂಗ ಗೆದ್ದಾರೇನು? ಒಮ್ಮೆರೆ ಸೋಲಬೇಕ್ರಿ ಇವ!"

"ಕುಂದ್ರೋ ಮಾರಾಯ! ನಿನ್ನ ಮಾರಿ ನೋಡಲಾಕ ಬಂದಿಲ್ಲ ನಾವು!"

"ಮತ್ತ ಇವನ ಮಾರಿ ನೋಡಲಾಕ ಬಂದೀರೇನು? ಇನ್ನೂ ತೋರ್ಸೇ ಇಲ್ಲಲ್ಲ ಇವ!"

ಮಂದಿ ನಗ್ತಿದ್ರು. ಮನ್ಯಾಗ ಕುಂತ ನನಗ ಮಾತ್ರ ನಗು ಬರ್ತಿರಲಿಲ್ಲ. ಯಾಕಂದ್ರ, ನಮ್ಮ ಮನಿಯವರು ಒಳಗಿನ ಖೋಲಿಯಾಗ ಗ್ವಾಡಿಗೆ ಮಾರಿ ಮಾಡಿ ಕುಂತಿರ್ತಿದ್ರು.

ರಜಾಕಾರರ ದಾಂಧಲಿ ಮುಗೀತು, ಮಿಲಿಟರಿ ಬಂತು, ಇನ್ನ ಆರಾಮ ಅಂದ್ಕೊಂಡಿದ್ವಿ. ಆದರ ರಜಾಕಾರರ ಮ್ಯಾಲ ಮಂದಿ ಹೊಟ್ಟ್ಯಾಗಿದ್ದ ಸಿಟ್ಟು ಎಲ್ಲಿ ಹೋಗಬೇಕು? ಯಾರಿಗೂ ಒಂದು ಕೆಟ್ಟ ಮಾತು ಆಡದ ನಮ್ಮ ಬಾಜೂಕಿನ ಅತ್ತರ ಅಂಗಡಿ ಚಾಚಾನ ಮ್ಯಾಲ ಬಿತ್ತು, ಮುಸಲ್ಮಾನ ಅನ್ನೋದೊಂದೇ ಕಾರಣಕ್ಕ. ಬಡಿಗಿ ಹಿಡ್ಕೊಂಡು ಬಂದ್ರು. ನಮ್ಮ ಮನಿಯವರು ಹೋಗಿ ಅಂಗಡಿ ಬಾಗಿಲಿಗೆ ಅಡ್ಡ ನಿಂತ್ರು, ಒಬ್ಬರೇ. ಬಂದಾವರು ಇವರ ಬಲಗೈ ಮುರಿದ್ರು, ಅಂಗಡಿ ಸುಟ್ರು. ಚಾಚಾ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬೀದರಕ್ಕ ಹೋದ. ಇವರ ಕೈ ಸೊಟ್ಟಗೇ ಕೂಡ್ತು. ಅವತ್ತಿಂದ ಇವರು ಹೊಸ್ತಿಲ ದಾಟಲಿಲ್ಲ. ನಾ ಏನರೆ ಅಂದರ, "ನಾ ನಿಂತು ಏನಾತು? ಅಂಗಡಿ ಉಳೀತೇನು?" ಅಂತಿದ್ರು.

ಹೊರಗ ನೋಡಿದರ ಕಟ್ಟಿ ಮ್ಯಾಲ ಕುಂತಾವರೆಲ್ಲ ಶೂರರು! ಆ ದಿನದಾಗ ನೆಲದಾಗಿನ ಜ್ವಾಳದ ಹಗೇವಿನಾಗ ಅಡಗಿ ಕುಂತಾವರು ಸುದ್ದಾ ಮೀಸಿ ತಿರುವಿ, "ನಾ ಹಿಂಗ ಹೊಡದೆ, ಅವ ಹಂಗ ಬಿದ್ದ" ಅಂತ ಹೇಳೋರು. ಹೇಳಲಾಕ ಗೆದ್ದ ಕಥಿ ಇಲ್ಲದಾವರು ಊರಿಗೆಲ್ಲ ನಮ್ಮ ಮನಿಯವರೊಬ್ಬರೇ.

ತಂಬು ಔರಾದಕ್ಕ ಹೋತು. ನಮ್ಮ ಮೈದುನ ಹೊಲಿಗಿ ಬಿಟ್ಟು ಅದರ ಬೆನ್ನಿಗೆ ಚಕ್ಕಡಿ ಹತ್ತಿದ! ಸಿನಿಮಾ ಅದೇ, ಹೀರೋ ಅವನೇ. ತಿರುಗಿ ಬಂದಾಗ ಮೈಯೆಲ್ಲ ಧೂಳು.

"ಏನಾತೋ?" ಅಂದೆ.

"ಔರಾದದಾಗೂ ಗೆದ್ದಾನ್ರೀ ವೈನಿ," ಅಂದ, ಯಾರೋ ತೀರ್ಕೊಂಡ ಸುದ್ದಿ ಹೇಳೋರಂಗ.

ಆಮ್ಯಾಲ ಬೀದರದ ಟಾಕೀಸಿಗೆ ಹೋಗಿ ಮ್ಯಾನೇಜರನ ಹಿಡ್ಕೊಂಡನಂತ. ಹೀರೋ ಸೋಲೋ ಸಿನಿಮಾ ತರಸ್ರಿ ಅಂತ. ಹಂಗ ಮಾಡಿದರ ಮಂದಿ ಕುರ್ಚಿ ಮುರೀತಾರಂತ ಮ್ಯಾನೇಜರ ಅಂದ್ರ, "ಮುರೀಲಿ, ನೆಲದ ಮ್ಯಾಲ ಕುಂದ್ರಲಾಕ ಏನು ಧಾಡಿ?" ಅಂದಾನ. ಕತ್ತು ಹಿಡಿದು ಹೊರಗ ಹಾಕಿದ್ರು. ಮನಿಗೆ ಬಂದು, "ಮ್ಯಾನೇಜರ ವಿಚಾರ ಮಾಡ್ಲಿಕತ್ತಾನ್ರಿ," ಅಂದ!

ನನಗೂ ಸಿಟ್ಟು ಬಂತು. "ಮನ್ಯಾಗ ನಿಮ್ಮ ಅಣ್ಣ ಹಿಂಗ ಕುಂತಾರ, ನಿನಗ ಸಿನಿಮಾದವನ ಚಿಂತಿ! ಅವ ಸೋತರ ನಿನಗೇನು ಸಿಗ್ತದೋ?"

ಅವ ರೊಟ್ಟಿ ಮುರಿಯೋದು ನಿಲ್ಲಿಸ್ದ. "ಅಣ್ಣಗ ಕರ್ಕೊಂಡು ಹೋಗಬೇಕ್ರೀ ವೈನಿ. ಆದರ ಎಲ್ಲಾ ಸಿನಿಮಾದಾಗೂ ಗೆದ್ದಾವನೇ ಹೀರೋ. ಅದನ್ನ ತೋರಿಸಿ ಅವನ ಗಾಯಕ್ಕ ಉಪ್ಪು ಹಚ್ಚಲೇನು? ಸೋತಾವನೂ ಹೀರೋ ಅಂತ ಒಂದು ಸಲ ಅವಗ ತೋರಿಸೇ ಬಿಡ್ತೇನಿ. ನಾ ಬಿಡಾವಲ್ಲ!"

ಅಲ್ಲೀತನಕ ಬೈದಿದ್ದೆಲ್ಲ ನುಂಗಿ ಅವಗ ಇನ್ನೊಂದು ರೊಟ್ಟಿ ಹಾಕ್ದೆ.

ತಂಬು ಮತ್ತ ಭಾಲ್ಕಿಗೆ ಬಂತು, ಹೊಸ ಸಿನಿಮಾ. ಮೊದಲ ದಿನದ ಆಟ ನೋಡಿ, ಮಷೀನ್ ನಡಸೋ ಮಿಯಾನ ಹತ್ರ ಹೋಗಿ ನಮ್ಮ ಮೈದುನ ಒಂದೇ ಮಾತು ಕೇಳ್ದ: ಹೀರೋ ಹೊಡ್ತ ತಿಂದು ಬೀಳೋದು ಕಡೀ ರೀಲಿಗಿಂತ ಹಿಂದಿನ ರೀಲಿನಾಗ ಅದ, ಅಲ್ಲಿಗೇ ಆಟ ಮುಗಸಬೇಕು, ಕಡೀ ರೀಲು ಹಾಕಬಾರದು!

"ತೌಬಾ! ಮಂದಿ ನನ್ನ ಚರ್ಮ ಸುಲೀತಾರ," ಅಂದ ಮಿಯಾ.

"ನಿಮಗೊಂದು ಶೇರ್ವಾನಿ ಹೊಲಿದು ಕೊಡ್ತೇನಿ."

"ಅದಕ್ಕಿಂತ ಚರ್ಮ ಸುಲೀಲಿ ತಗೋ!" ಅಂದು, "ಯಾರ ಸಲುವಾಗಿ ಇಷ್ಟು ಹಟ?" ಅಂತ ಕೇಳ್ದ.

"ಅಣ್ಣನ ಸಲುವಾಗಿ. ಅತ್ತರ ಅಂಗಡಿ ಮುಂದ ನಿಂತಾವ."

ಮಿಯಾ ಕಡೀ ರೀಲಿನ ಡಬ್ಬಿ ಎತ್ತಿ ಬಾಜೂಕ ಇಟ್ಟ. "ಠೀಕ್ ಹೈ. ಒಂದಿನ ಹೊಡ್ತ ತಿಂತೇನಿ."

ಅಣ್ಣನ ಕರೆತಂದದ್ದು ಇನ್ನೊಂದು ಸಾಹಸ. ಕೈಕಾಲು ಬಿದ್ದ, ಹಟ ಮಾಡ್ದ, ಕಡಿಗೆ ಹೊಸ್ತಿಲ ಮ್ಯಾಲ ಅಡ್ಡ ಮಲಗ್ದ. ನಮ್ಮ ಮನಿಯವರು ಬಲಗೈಗೆ ಶಾಲು ಸುತ್ಕೊಂಡು, ತಲಿ ತಗ್ಗಿಸಿ ನಡೆದ್ರು. ನಾ ಹೆಂಗಸರ ಕಡಿ, ನಡುವ ಅಡ್ಡ ಕಟ್ಟಿದ ಪರದೆ ಅಂಚಿಗೆ ಅವರು ಕಾಣೋಹಂಗ ಕುಂತೆ.

ಹೀರೋ ಹಳ್ಳದ ದಂಡಿಗೆ ಹೊಡ್ತ ತಿಂದು ಬೋರಲ ಬಿದ್ದ. ರೀಲು ಮುಗೀತು. ದೀಪ ಹತ್ತಿತು. ನಮ್ಮ ಮೈದುನ ಜಿಗಿದು ನಿಂತ.

"ಮುಗೀತ್ರಿ ಆಟ! ಹೀರೋ ಸೋತ! ಎಲ್ಲಾರು ಮನಿಗೆ ನಡ್ರಿ!"

ಅಬಬಬ! ಎಂಥಾ ಗದ್ದಲ! "ಕಡೀ ರೀಲು ಹಾಕೋ!" ಅಂತ ಒದರಿದ್ರು, ಶೇಂಗಾ ಸಿಪ್ಪಿ ತೂರಿದ್ರು. ಒಬ್ಬ ಚಪ್ಪಲಿ ಕೈಯಾಗ ಹಿಡ್ದ. ಮಿಯಾ ಮಷೀನ್ ಹಿಂದ ಅಡಗ್ದ. ನಮ್ಮ ಮೈದುನ ಕದಲಲಿಲ್ಲ. "ಹೊಡೀರಿ! ಬಿದ್ದಾವ ಹೀರೋ ಅಲ್ಲಂತ ಅನ್ನಾವರು ಮುಂದ ಬರ್ರಿ! ಅವ ಎದುರು ನಿಂತಿದ್ದ, ನೀವು ನಿಂತಿದ್ರೇನು?"

ಈ ಮಾತಿಗೆ ಮುಂದಿನ ಸಾಲಿನಾಗ ಒಂದಿಬ್ಬರು ಮಾರಿ ಕೆಳಗ ಹಾಕಿದ್ರು. ಯಾರಂತ ನನಗ ಗೊತ್ತಿತ್ತು.

ಅಷ್ಟೊತ್ತಿಗೆ ನಮ್ಮ ಮನಿಯವರು ತಮ್ಮನ ಅಂಗಿ ಹಿಡಿದು ಜಗ್ಗಿದ್ರು. ಅವರ ಕಣ್ಣು ಆ ಖಾಲಿ ಬಿಳಿ ಪರದೆ ಮ್ಯಾಲೇ ಇತ್ತು.

"ಹಾಕಸೋ," ಅಂದ್ರು. ನಾಲ್ಕು ಮಂದ್ಯಾಗ ಅವರ ದನಿ ಕೇಳಿ ಎಷ್ಟು ದಿನ ಆಗಿತ್ತು! "ಪಾಪ, ಅವ ಇನ್ನ ಸತ್ತಿಲ್ಲ. ಏಳ್ಲಿ ಬಿಡು."

ಕಡೀ ರೀಲು ಹಾಕಿದ್ರು. ಹೀರೋ ಗೆದ್ದನೋ ಸೋತನೋ ನಾ ನೋಡಲಿಲ್ಲ. ನಾ ನೋಡಿದ್ದು ಅವರಿಬ್ಬರನ್ನ. ಶಾಲು ಜಾರಿ ಬಿದ್ದಿತ್ತು. ಆ ಸೊಟ್ಟ ಕೈ ಹಿಡ್ಕೊಂಡು ನಮ್ಮ ಮೈದುನ ಸಣ್ಣ ಕೂಸಿನಂಗ ಅಳ್ಲಿಕತ್ತಿದ್ದ.

ಮರುದಿನ ಮುಂಜಾನಿ ನಮ್ಮ ಮನಿಯವರು ಝಳಕ ಮಾಡಿ, ಅಂಗಿ ತೊಟ್ಟು ಬಾಗಿಲಿಗೆ ಬಂದ್ರು. "ಬೀದರಕ್ಕ ಹೋಗಿ ಚಾಚಾನ ಕಂಡು ಬರ್ತೇನಿ. ಅಂಗಡಿ ಮತ್ತ ತಗೀತಾನೇನು ಕೇಳ್ತೇನಿ," ಅಂದ್ರು. ಮೈದುನನೂ ಜೋಡಿ ಹೊಂಟ. ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟೆ. ಅವರು ಓಣಿ ದಾಟೋತನಕ ತಡಕೊಂಡು, ಆಮ್ಯಾಲ ಒಲಿ ಮುಂದ ಕುಂತು ಮನಸಾರೆ ಅತ್ತೆ.