ಕೆಳಗೆ ಚಿಟ್ಟಿ, ಮೇಲೆ ಓನರು

ನಾಯಿ ಸಾಕಿದವನು ಕಥೆ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ ಸ್ವಾಮಿ. ಕಥೆಗಳೇ ಗೇಟ್ ಹತ್ರ ಬಂದು, "ರೀ, ಸ್ವಲ್ಪ ನಿಮ್ಮ ನಾಯಿ ಹಿಡ್ಕೊಳ್ರೀ" ಅಂತ ಕೂಗ್ತವೆ.

ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ಹರಾಜು ಕೂಗೋದು ನನ್ನ ಕಸುಬು. ಕೂಗಿ ಕೂಗಿ ಗಂಟಲು ಹರಿದುಕೊಂಡು ಮನೆಗೆ ಬಂದರೆ, ಮಿಕ್ಕ ಕೂಗಾಟವನ್ನ ಚಿಟ್ಟಿ ವಹಿಸಿಕೊಳ್ಳುತ್ತೆ. ಚಿಟ್ಟಿ ಅಂದ್ರೆ ನನ್ನ ಹೆಂಡತಿ ತವರೂರು ಬೈರಕೂರಿಂದ ಮಡಿಲಲ್ಲಿಟ್ಟುಕೊಂಡು ಬಂದ ನಾಯಿ. ಗಾತ್ರ ಮೇಕೆಮರಿಯಷ್ಟು, ಗಂಟಲು ಮಾತ್ರ ಲಾರಿ ಹಾರ್ನು.

ನಾವಿರೋದು ಕೆಳಗಿನ ಬಾಡಿಗೆ ಮನೆ. ಮೇಲೆ ಓನರು, ಅವರ ಹೆಂಡತಿ. ಓನರು ರಿಟೈರ್ಡ್ ಆಫೀಸರು. ಆಫೀಸು ಬಿಟ್ಟರೂ ಆರ್ಡರ್ ಹಾಕೋದು ಬಿಟ್ಟಿಲ್ಲ. ಒಂದು ದಿನ ಮೆಟ್ಟಿಲಿಳಿದು ಬಂದವರೇ, "ಈ ತಿಂಗಳು ಮುಗಿಯೋದ್ರೊಳಗೆ ಇದರ ಬಾಯಿ ನಿಲ್ಲಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ" ಅಂದ್ರು.

ಬೇರೆ ಮನೆ ಹುಡುಕೋಕೆ ಹೋದೆ. ಟುಲೆಟ್ ಬೋರ್ಡ್ ಇರೋ ಕಡೆಯೆಲ್ಲಾ ಮೊದಲು ಜಾತಿ ಕೇಳಿದ್ರು, ಆಮೇಲೆ ನಾಯಿ ಇದೆಯಾ ಅಂತ ಕೇಳಿದ್ರು. ಒಂದರಲ್ಲಿ ಪಾಸಾದ್ರೆ ಇನ್ನೊಂದರಲ್ಲಿ ಫೇಲು. ಹೆಂಡತಿಯಂತೂ, "ಚಿಟ್ಟೀನ ಎಲ್ಲಾದ್ರೂ ಬಿಟ್ಟು ಬಂದ್ರೆ ನಾನೂ ತವರಿಗೆ ಹೋಗ್ತೀನಿ" ಅಂತ ಕೂತಳು. ಅದನ್ನ ಬಿಟ್ಟಿರೋಕೆ ನನಗೂ ಆಗಲ್ಲ ಅಂತ ನಾನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಗಂಡಸು ನೋಡಿ!

೧. ಇಂಗ್ಲಿಷ್ ಮೇಷ್ಟ್ರು

ಯಾರೋ ಹೇಳಿದ್ರು ಅಂತ ನಾಯಿಗೆ ಟ್ರೈನಿಂಗ್ ಕೊಡೋನನ್ನ ಕರೆಸಿದೆ. ಬೂಟು, ಟೋಪಿ, ಕುತ್ತಿಗೆಗೆ ಸೀಟಿ. ಬಂದವನೇ ಬೆರಳು ತೋರಿಸಿ "ಸಿಟ್!" ಅಂದ. ಚಿಟ್ಟಿ ಬೊಗಳಿತು. "ಕ್ವೈಟ್!" ಅಂದ. ಇನ್ನೂ ಜೋರಾಗಿ ಬೊಗಳಿತು. ಅರ್ಧ ಗಂಟೆ ಆದ ಮೇಲೆ ಬೆವರು ಒರೆಸಿಕೊಳ್ಳುತ್ತಾ, "ನಿಮ್ಮ ನಾಯಿಗೆ ಬುದ್ಧಿ ಕಮ್ಮಿ ಸಾರ್" ಅಂದ. ನನಗೆ ರೇಗಿ ಹೋಯ್ತು. ಅಲ್ಲಯ್ಯ, ಬೈರಕೂರಿನ ತೆಲುಗು ಮನೇಲಿ ಹುಟ್ಟಿದ ನಾಯಿಗೆ ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ಅದೇನು ಮಾಡಬೇಕು?

ಅಷ್ಟೊತ್ತಿಗೆ ಮುಳಬಾಗಿಲು ಬಸ್ಸಿಳಿದು ನಮ್ಮತ್ತೆ ಬಂದರು. ಕೈಲಿ ಮಾವಿನಕಾಯಿ ಚೀಲ. ಬಾಗಿಲಲ್ಲೇ ನಿಂತು ಒಂದೇ ಸಲ, "ಏಯ್! ನೋರು ಮುಯ್ಯಿ! ಕೂಚೋ!" ಅಂದರು. ಬಾಯಿ ಮುಚ್ಚು, ಕೂತ್ಕೋ ಅಂತ.

ಚಿಟ್ಟಿ ಕೂತಿತು. ಟ್ರೈನಿಂಗ್ ಕೊಡೋನೂ ಕೂತ. ನಾನು ಅವರ ಚಪ್ಪಲಿ ಸದ್ದು ಕೇಳಿದಾಗಲೇ ಕೂತಿದ್ದೆ.

೨. ಬನ್ನಿನ ಮರ್ಮ

ಅತ್ತೆ ಊರಿಗೆ ಹೋದ ಮೇಲೆ ಅದೇ ಮಾತು ನಾವೂ ಹೇಳಿ ನೋಡಿದ್ವಿ. ಮಾತೇನೋ ಬಂತು, ಆ ಗಂಟಲು ಎಲ್ಲಿಂದ ಬರಬೇಕು? ಚಿಟ್ಟಿ ಕ್ಯಾರೇ ಅನ್ನಲಿಲ್ಲ. ಅದಕ್ಕಿಂತ ವಿಚಿತ್ರ ಅಂದ್ರೆ, ಅದು ನಮ್ಮ ಕಡೆ ತಿರುಗಿ ಬೊಗಳ್ತಾನೇ ಇರಲಿಲ್ಲ. ತಲೆಯೆತ್ತಿ ಮೇಲ್ಗಡೆ ನೋಡ್ಕೊಂಡು ಬೊಗಳೋದು.

ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ಕಾದು ನೋಡಿದೆ. ಚಿಟ್ಟಿ ಬೊಗಳಿತು. ಮೇಲಿನ ಬಾಲ್ಕನಿಯಿಂದ ಒಂದು ಬನ್ನು ದೊಪ್ಪನೆ ಬಿತ್ತು. ತಿಂದು ಮುಗಿಸಿ ಮತ್ತೆ ಬೊಗಳಿತು. ಮತ್ತೊಂದು ಬನ್ನು!

ನೋಡಿದ್ರೆ ಓನರ ಹೆಂಡತಿ. "ಅಮ್ಮಾ, ನೀವು ಹಿಂಗೆ ಹಾಕ್ತಾ ಇದ್ರೆ ಅದು ಬೊಗಳೋದು ಬಿಡೋದು ಯಾವಾಗ? ಸುಮ್ಮನಿದ್ದಾಗ ಹಾಕಬಾರದಾ?" ಅಂದೆ.

ಆ ತಾಯಿ ಸಮಾಧಾನವಾಗಿ ಹೇಳಿದ್ರು: "ಸುಮ್ಮನಿದ್ರೆ ನನಗೆ ನೆನಪೇ ಆಗಲ್ವಲ್ಲಪ್ಪ."

ನಾನು ಒಳಗೆ ಬಂದೆ. ನಮ್ಮ ಬೀದಿಗೆ ನಲ್ಲಿ ನೀರು ಯಾಕೆ ಬರಲ್ಲ ಅಂತ ಆವತ್ತು ನನಗೆ ಅರ್ಥ ಆಯ್ತು. ನಾವು ಸುಮ್ಮನಿರೋ ಜನ.

೩. ಎದುರುಮನೆಯ ಹೌದೌದು

ಓನರು ನಮಗೆ ವಾರ್ನಿಂಗ್ ಕೊಟ್ಟ ದಿನ ಅವರ ಹಿಂದೆ ನಿಂತು "ಹೌದೌದು, ಬೀದೀಲಿ ನೆಮ್ಮದಿನೇ ಇಲ್ಲ" ಅಂದಿದ್ದು ಎದುರುಮನೆಯವರು. ಅವರಿಗೆ ಶ್ರೀನಿವಾಸಪುರ ರಸ್ತೇಲಿ ಟೊಮೇಟೊ ತೋಟ. ಅವರ ಮನೆ ಟಿವಿ ಸೌಂಡಿಗೆ ನಮ್ಮ ಗೋಡೇಲಿರೋ ಕ್ಯಾಲೆಂಡರ್ ಅಲ್ಲಾಡುತ್ತೆ, ಆ ಮಾತು ಬೇರೆ.

ಅದೇ ತಿಂಗಳು ಟೊಮೇಟೊ ರೇಟು ಆಕಾಶಕ್ಕೆ ಹತ್ತಿತು. ಕದ್ದುಬಿಡ್ತಾರೆ ಅಂತ ತೋಟದೋರಿಗೆಲ್ಲಾ ನಿದ್ದೆ ಇಲ್ಲ. ಎದುರುಮನೆಯವರು ಹಲ್ಲು ಕಿರಿಯುತ್ತಾ ಬಂದ್ರು.

"ಚಿಟ್ಟೀನ ನಾಲ್ಕು ದಿನ ತೋಟಕ್ಕೆ ಕಳಿಸ್ರೀ. ಏನು ಗಂಟಲು ರೀ ಅದರದ್ದು! ಇಂಥ ನಾಯಿ ಸಿಗೋಕೆ ಪುಣ್ಯ ಮಾಡಿರಬೇಕು."

ಅವರನ್ನ ಒಲಿಸಿಕೊಂಡ್ರೆ ಮನೆ ಉಳಿಯುತ್ತೇನೋ ಅಂತ ಆಸೆಯಿಂದ ಕಳಿಸಿಕೊಟ್ಟೆ. ಹೆಂಡತಿ ಕಣ್ಣಲ್ಲಿ ನೀರು ಹಾಕ್ಕೊಂಡಳು. ಎರಡೇ ದಿನಕ್ಕೆ ಚಿಟ್ಟೀನ ತಂದು ಗೇಟಿಗೆ ಕಟ್ಟಿ, ಮುಖ ಗಂಟು ಹಾಕ್ಕೊಂಡು ನಿಂತರು.

"ಏನ್ರೀ ನಿಮ್ಮ ನಾಯಿ! ಒಂದು ಸಲನಾದ್ರೂ ಬೊಗಳಬಾರದಾ?"

ತೋಟದಲ್ಲಿ ಬನ್ನು ಹಾಕೋರು ಯಾರಿದ್ದಾರೆ? ಬೊಗಳುತ್ತೆ ಅಂತಲೂ ಬೊಗಳಲ್ಲ ಅಂತಲೂ ಒಂದೇ ತಿಂಗಳಲ್ಲಿ ಒಬ್ಬರ ಹತ್ರನೇ ಬೈಸಿಕೊಂಡ ನಾಯಿ ಇಡೀ ಜಿಲ್ಲೇಲಿ ಚಿಟ್ಟಿ ಒಂದೇ ಇರಬೇಕು.

೪. ಸ್ಥಳ ಪರಿಶೀಲನೆ

ತಿಂಗಳ ಕೊನೆಯ ಭಾನುವಾರ ಬೆಳಗ್ಗೆ ಓನರು ಬೀದಿಯವರನ್ನೆಲ್ಲಾ ನಮ್ಮ ಮನೆ ಮುಂದೆ ಸೇರಿಸಿದ್ರು. ಸಾಲದ್ದಕ್ಕೆ ಪೊಲೀಸ್ ಸ್ಟೇಷನ್ನಿಗೂ ಫೋನ್ ಮಾಡಿದ್ರು. "ಎಲ್ಲರೂ ಕಿವಿಯಾರೆ ಕೇಳಲಿ. ಇವತ್ತೇ ತೀರ್ಮಾನ ಆಗಿಬಿಡಲಿ."

ಒಂದು ಸಲ ಬೊಗಳಿದ್ರೆ ನಮ್ಮ ಗಂಟು ಮೂಟೆ ಬೀದಿಗೆ. ಹೆಂಡತಿ ಕುರುಡುಮಲೆ ಗಣಪನಿಗೆ ಹರಕೆ ಹೊತ್ತು ಕಣ್ಣು ಮುಚ್ಚಿಕೊಂಡಳು.

ಸೇರಿದ ಜನ ಸುಮ್ಮನಿರ್ತಾರಾ? ನಾಯಿ ವಿಷಯ ಬಿಟ್ಟು ಪಾರ್ಕಿಂಗು, ಮೋರಿ, ಯಾರ ಮನೆ ಮಿಕ್ಸಿ ಜಾಸ್ತಿ ಸದ್ದು ಮಾಡುತ್ತೆ ಅಂತ ಎಲ್ಲರೂ ಒಟ್ಟಿಗೆ ಕಿರುಚೋಕೆ ಶುರು ಮಾಡಿದ್ರು. ಮಾರುಕಟ್ಟೇಲೂ ನಾನು ಅಂಥ ಗಲಾಟೆ ಕೇಳಿಲ್ಲ. ಚಿಟ್ಟಿ ಹೆದರಿ ಮಂಚದ ಕೆಳಗೆ ಸೇರಿಕೊಂಡಿತು.

"ಎಲ್ಲಿ, ಬೊಗಳ್ತಾನೇ ಇಲ್ವಲ್ಲ?" ಅಂದ್ರು ಯಾರೋ.

ಓನರಿಗೆ ಅವಮಾನ ಆಯ್ತು. "ತಾಳಿ, ಈಗ ನೋಡಿ" ಅಂತ ಗೇಟು ಅಲ್ಲಾಡಿಸಿದ್ರು. ಸದ್ದಿಲ್ಲ. ಕೆಮ್ಮಿದ್ರು, ಚಪ್ಪಾಳೆ ತಟ್ಟಿದ್ರು. ಸದ್ದಿಲ್ಲ. ಕೊನೆಗೆ ಪಂಚೆ ಎತ್ತಿಕಟ್ಟಿ, ನಮ್ಮ ಕಿಟಕಿಗೆ ಮುಖ ಇಟ್ಟು, "ಬೌ! ಬೌ ಬೌ!" ಅಂತ ತಾವೇ ಶುರು ಹಚ್ಚಿಕೊಂಡ್ರು. ಚಿಟ್ಟಿ ಮೂತೀನ ಕಾಲಿನ ಮಧ್ಯೆ ಇಟ್ಕೊಂಡು ಮಲಗಿತ್ತು. ಹಠಕ್ಕೆ ಬಿದ್ದ ಓನರು ಇನ್ನೂ ಜೋರಾಗಿ, "ಬೌ ಬೌ ಬೌ!"

ಸರಿಯಾಗಿ ಆ ಗಳಿಗೇಲಿ ಪೊಲೀಸ್ ಕಾನ್‌ಸ್ಟೇಬಲ್ ಬೈಕ್ ನಿಲ್ಲಿಸಿ ಒಳಗೆ ಬಂದರು. ಜನ ಗಪ್‌ಚಿಪ್. ಓನರು ಮಾತ್ರ ಬೆನ್ನು ತಿರುಗಿಸಿಕೊಂಡು ತಮ್ಮ ಪಾಡಿಗೆ ಬೊಗಳ್ತಾನೇ ಇದ್ದಾರೆ! ಕಾನ್‌ಸ್ಟೇಬಲ್ ಒಂದು ನಿಮಿಷ ನಿಂತು ಕೇಳಿದ್ರು. ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡು, "ಕಂಪ್ಲೇಂಟ್ ಬಂದಿರೋದು ಇವರ ಮೇಲೇನಾ?" ಅಂದ್ರು.

ಓನರು ತಿರುಗಿ ನೋಡಿ ಪಂಚೆ ಇಳಿಸಿಕೊಂಡ್ರು. ಕಾನ್‌ಸ್ಟೇಬಲ್ ನಮ್ಮೆಲ್ಲರ ಮುಖ ನೋಡುತ್ತಾ, "ಎಷ್ಟು ದಿನದಿಂದ ನಡೀತೈತೆ ಇದು?" ಅಂತ ಕೇಳಿದ್ರು.

ಮೇಲೆ ಬಾಲ್ಕನೀಲಿ ಬಟ್ಟೆ ಒಣಗಿಸ್ತಾ ಇದ್ದ ಓನರ ಹೆಂಡತಿ ಕೆಳಗೆ ಬಗ್ಗಿ ಹೇಳಿದ್ರು: "ನಾನು ಮದುವೆ ಆಗಿ ಬಂದಾಗಿಂದ ಕಣಪ್ಪ. ಮನೆ ಇರೋದು ನನ್ನ ಹೆಸರಲ್ಲಿ. ಖಾಲಿ ಮಾಡಿಸೋದೇ ಆದ್ರೆ ಯಾರನ್ನ ಮಾಡಿಸಬೇಕು ಅಂತ ನಾನು ಯೋಚನೆ ಮಾಡಿ ಹೇಳ್ತೀನಿ. ನೀನು ಹೊರಡು."